‘ಆಮೇಲೆ ನೋಡೋಣ’ ಎಂಬ ಮಾತಿನ ಖರ್ಚು: ಕೊಡಗಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ತಿಂಗಳ ಸಂಬಳದಲ್ಲಿ ಬದುಕುವವರಿಗೆ ಒಂದು ಅನುಕೂಲವಿದೆ. ಎಲ್ಲೋ ಹಣ ಸೋರಿದರೆ ಇಪ್ಪತ್ತೈದನೇ ತಾರೀಖಿನ ಹೊತ್ತಿಗೆ ಗೊತ್ತಾಗಿಬಿಡುತ್ತದೆ. ಕಾಫಿಯನ್ನು ನಂಬಿದ ಮನೆಗೆ ಆ ಅನುಕೂಲವಿಲ್ಲ. ಅರೇಬಿಕಾ ಕುಯ್ಲು ಮುಗಿದು, ರೊಬಸ್ಟಾ ಕಣಕ್ಕೆ ಬಂದು, ಒಣಗಿ, ಮಾರಾಟವಾಗಿ ಕೈಗೆ ದುಡ್ಡು ಸೇರುವುದು ವರ್ಷಕ್ಕೊಮ್ಮೆ. ಉಳಿದ ತಿಂಗಳುಗಳಲ್ಲಿ ಅಂಗಡಿಯವರಿಗೆ ‘ಬರೆದಿಟ್ಟುಕೊಳ್ಳಿ’ ಎಂದರೆ ಸಾಕು, ಸಾಮಾನು ಮನೆಗೆ ಬರುತ್ತದೆ. ದೊಡ್ಡ ಮೊತ್ತ ಒಮ್ಮೆಗೇ ಬಂದು ಒಮ್ಮೆಗೇ ಹಳೆಯ ಬಾಕಿಗಳಿಗೆ ಹಂಚಿಹೋಗುವಾಗ ನೂರು, ಇನ್ನೂರರ ಸೋರಿಕೆಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಲೆ ಚೆನ್ನಾಗಿದ್ದ ವರ್ಷವೂ ಏಕೆ ಏನೂ ಉಳಿಯಲಿಲ್ಲ ಎಂದು ಮೇ ತಿಂಗಳಲ್ಲಿ ಗಂಡ ಹೆಂಡತಿ ಮುಖ ನೋಡಿಕೊಳ್ಳುತ್ತಾರೆ.

ನಾನು ಕಂಡಂತೆ ಈ ಸೋರಿಕೆಯಲ್ಲಿ ಶೋಕಿಯ ಪಾಲು ಕಡಿಮೆ. ಮಾಡಬೇಕೆಂದು ಗೊತ್ತಿದ್ದೂ ಮುಂದೂಡಿದ ಕೆಲಸಗಳ ಪಾಲೇ ಹೆಚ್ಚು. ಅದೂ ಕೊಡಗಿನಲ್ಲಿ ಮುಂದೂಡಿದ್ದಕ್ಕೆ ಬ್ಯಾಂಕು ಒಂದು ಬಡ್ಡಿ ಹಾಕಿದರೆ ಮಳೆ ಇನ್ನೊಂದು ಹಾಕುತ್ತದೆ. ಹಾಗೆಂದು ನಾಳೆಯಿಂದ ಬೆಳಿಗ್ಗೆ ಐದಕ್ಕೆ ಎದ್ದು ಶಿಸ್ತಿನ ಮನುಷ್ಯರಾಗಿ ಎಂದು ಹೇಳುವ ಉದ್ದೇಶ ನನಗಿಲ್ಲ. ಹಾಗೆ ಬದಲಾದವರು ಬಹಳ ಕಡಿಮೆ. ವರ್ಷದಲ್ಲಿ ಕೆಲವೇ ದಿನ ಮೈ ಬಗ್ಗಿಸಿ ಮನೆಯನ್ನು ಹೊಂದಿಸಿಟ್ಟುಕೊಂಡರೆ, ಉಳಿದ ದಿನಗಳಲ್ಲಿ ಸೋಮಾರಿಯಾಗಿದ್ದರೂ ಹೆಚ್ಚು ದಂಡ ತೆರಬೇಕಾಗುವುದಿಲ್ಲ. ಆ ಕೆಲವು ದಿನಗಳು ಯಾವುವು, ಆಗ ಏನು ಮಾಡಬೇಕು ಎಂಬುದಷ್ಟೇ ಇಲ್ಲಿರುವುದು.

ಹೆಜ್ಜೆ 1: ಗೋಡೆಯ ಕ್ಯಾಲೆಂಡರಿನಲ್ಲಿ ದಂಡದ ಲೆಕ್ಕ

ಪೂರ್ತಿ ಖರ್ಚಿನ ಲೆಕ್ಕ ಬರೆಯಲು ಹೋಗಬೇಡಿ. ಅದು ನಾಲ್ಕನೇ ದಿನ ನಿಂತುಹೋಗುತ್ತದೆ. ಬರೆಯಬೇಕಾದದ್ದು ಒಂದೇ ಬಗೆಯ ಖರ್ಚು: ಸಮಯಕ್ಕೆ ಸರಿಯಾಗಿ ಮಾಡಿದ್ದರೆ ಆಗುತ್ತಲೇ ಇರಲಿಲ್ಲ ಎನ್ನುವಂಥದ್ದು. ಅದಕ್ಕೆ ಹೊಸ ಪುಸ್ತಕವೂ ಬೇಡ, ಮೊಬೈಲ್ ಆ್ಯಪ್ ಕೂಡ ಬೇಡ. ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಇದ್ದೇ ಇರುತ್ತದೆ. ಅದರ ಪಕ್ಕ ದಾರದಲ್ಲಿ ಒಂದು ಕೆಂಪು ಪೆನ್ನು ಕಟ್ಟಿ.

ಕೊಳೆತು ಎಸೆದ ಅರ್ಧ ಕಿಲೋ ಬೀನ್ಸ್, ಮರೆತ ಒಂದು ಸಾಮಾನಿಗಾಗಿ ಮತ್ತೆ ಪೇಟೆಗೆ ಹೋದ ಪೆಟ್ರೋಲ್, ತಡವಾಗಿ ಕಟ್ಟಿದ ಬಿಲ್ಲಿನ ದಂಡ, ಮನೆಯಲ್ಲೇ ಎಲ್ಲೋ ಇದ್ದರೂ ಸಿಗದೆ ಕೊಂಡ ಇನ್ನೊಂದು ಟಾರ್ಚ್, ಗ್ಯಾಸ್ ಮುಗಿದ ರಾತ್ರಿ ಹೋಟೆಲಿನಿಂದ ತಂದ ಊಟ ಇವೆಲ್ಲ ಆ ಲೆಕ್ಕಕ್ಕೆ ಸೇರುತ್ತವೆ. ನೆಂಟರು ಬಂದಾಗ ಮಾಡಿದ ಪಂದಿ ಕರಿಯ (ಹಂದಿ ಮಾಂಸದ ಸಾರಿನ) ಖರ್ಚು ಸೇರುವುದಿಲ್ಲ. ಅದು ಇಷ್ಟಪಟ್ಟು ಮಾಡಿದ ಖರ್ಚು. ಮೊತ್ತ ಸರಿಯಾಗಿ ಗೊತ್ತಿಲ್ಲದಿದ್ದರೆ ಅಂದಾಜು ಬರೆದರಾಯಿತು.

ಒಂದು ಷರತ್ತು ಮಾತ್ರ ಕಟ್ಟುನಿಟ್ಟು. ಬರೆದವರನ್ನು ಯಾರೂ ಗದರಬಾರದು. ಗದರಿದ ದಿನದಿಂದ ಪೆನ್ನು ನಿಲ್ಲುತ್ತದೆ, ಸೋರಿಕೆ ನಿಲ್ಲುವುದಿಲ್ಲ. ತಿಂಗಳು ಮುಗಿದ ಮೇಲೆ ಪಟ್ಟಿಯನ್ನು ತಾರೀಖು ತಪ್ಪಿದ್ದು, ಹಾಳಾದದ್ದು, ಓಡಾಟ, ಎರಡೆರಡು ಸಲ ಕೊಂಡದ್ದು ಎಂದು ನಾಲ್ಕು ಪಾಲು ಮಾಡಿ. ಯಾವುದು ದೊಡ್ಡದೋ ಮೊದಲು ಅದಕ್ಕೆ ಕೈ ಹಾಕಿ. ಎಲ್ಲವನ್ನೂ ಒಟ್ಟಿಗೆ ಸರಿಪಡಿಸಲು ಹೊರಟವರು ಯಾವುದನ್ನೂ ಮುಗಿಸುವುದಿಲ್ಲ.

ಹೆಜ್ಜೆ 2: ತಾರೀಖುಗಳ ಒಂದೇ ಹಾಳೆ

ಕೃಷಿ ಕುಟುಂಬಗಳಲ್ಲಿ ಸಾಮಾನ್ಯವಾಗಿ ದೊಡ್ಡ ತೂತು ಇರುವುದು ಇಲ್ಲೇ, ಆದರೂ ಜನ ಇದನ್ನು ಬಿಟ್ಟು ಫ್ಯಾನ್ ಆರಿಸುವುದರ ಬಗ್ಗೆ ಜಗಳವಾಡುತ್ತಾರೆ.

ಕಿಸಾನ್ ಕ್ರೆಡಿಟ್ ಕಾರ್ಡಿನ ಮೇಲೆ ಪಡೆದ 3 ಲಕ್ಷ ರೂಪಾಯಿವರೆಗಿನ ಬೆಳೆ ಸಾಲಕ್ಕೆ ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯಲ್ಲಿ ಬಡ್ಡಿ ಶೇ 7. ಗಡುವಿನೊಳಗೆ ಕಟ್ಟಿದವರಿಗೆ ಇನ್ನೂ ಶೇ 3ರ ರಿಯಾಯಿತಿ ಸಿಗುವುದರಿಂದ ಕೊನೆಗೆ ಬೀಳುವುದು ಶೇ 4 ಮಾತ್ರ. 3 ಲಕ್ಷದ ಸಾಲಕ್ಕೆ ಆ ಶೇ 3 ಎಂದರೆ ವರ್ಷಕ್ಕೆ 9,000 ರೂಪಾಯಿ. ಗಡುವು ದಾಟಿದರೆ ಅದು ಕೈತಪ್ಪುತ್ತದೆ. ಸಹಕಾರ ಸಂಘದ ಸಾಲದಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ರಾಜ್ಯ ಸರ್ಕಾರ ಶೂನ್ಯ ಬಡ್ಡಿಯ ಅಲ್ಪಾವಧಿ ಕೃಷಿ ಸಾಲದ ಮಿತಿಯನ್ನು 2023-24ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಆ ಶೂನ್ಯವೂ ಗಡುವಿನವರೆಗೆ ಮಾತ್ರ. ಹಣವಿಲ್ಲದೆ ಗಡುವು ತಪ್ಪಿಸಿಕೊಂಡವರ ಕಷ್ಟ ಬೇರೆ, ಅದಕ್ಕೆ ಈ ಬರಹದಲ್ಲಿ ಮದ್ದಿಲ್ಲ. ಆದರೆ ಉಗ್ರಾಣದಲ್ಲಿ ಕರಿಮೆಣಸಿನ ಮೂಟೆ ಇದ್ದೂ, ಮಾರಿ ಕಟ್ಟಲು ಆ ವಾರ ಬೇಸರವಾಯಿತೆಂದು ಗಡುವು ದಾಟಿಸಿದವರನ್ನು ನಾನು ನೋಡಿದ್ದೇನೆ. ಅವರು ಸಂತೆಯಲ್ಲಿ ಟೊಮೆಟೊಗೆ ಐದು ರೂಪಾಯಿ ಚೌಕಾಸಿ ಮಾಡುವುದನ್ನೂ ನೋಡಿದ್ದೇನೆ.

ಮಾಡಬೇಕಾದದ್ದು ಇಷ್ಟು. ಒಂದು ದೊಡ್ಡ ಹಾಳೆಯಲ್ಲಿ ಹನ್ನೆರಡು ತಿಂಗಳುಗಳ ಹೆಸರು ಬರೆಯಿರಿ. ಸಾಲದ ಪುಸ್ತಕ, ವಿಮೆ ಪತ್ರ, ವಾಹನದ ದಾಖಲೆ, ಚಾಲನಾ ಪರವಾನಗಿ ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡು ಒಂದೊಂದರ ಗಡುವನ್ನೂ ಆಯಾ ತಿಂಗಳ ಮುಂದೆ ದಾಖಲಿಸಿ. ಆದರೆ ಗಡುವಿನ ದಿನವನ್ನೇ ಬರೆಯಬೇಡಿ, ಅದಕ್ಕಿಂತ ಮೂರು ವಾರ ಮೊದಲಿನ ದಿನ ಬರೆಯಿರಿ. ಮೆಣಸು ಮಾರಬೇಕು, ವ್ಯಾಪಾರಿಯಿಂದ ಹಣ ಖಾತೆಗೆ ಬರಬೇಕು, ಬ್ಯಾಂಕಿಗೆ ಹೋದ ದಿನ ನೆಟ್‌ವರ್ಕ್ ಇರಬೇಕು. ಮಳೆಗಾಲದಲ್ಲಂತೂ ಈ ಮೂರೂ ಒಂದೇ ದಿನ ಕೂಡಿಬಂದರೆ ಪುಣ್ಯ.

ಸಾಲದ ನಂತರ ಹಾಳೆಗೆ ಬರಬೇಕಾದವು ಇವು:

ವಾಹನ ವಿಮೆ. ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ ವರ್ಷಗಟ್ಟಲೆ ಕೂಡಿಬಂದ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಕ್ಲೇಮ್ ಮಾಡದೆ ಐದು ವರ್ಷ ಕಳೆದವರಿಗೆ ಅದು ಸ್ವಂತ ಹಾನಿ ಭಾಗದ ಕಂತಿನಲ್ಲಿ ಶೇ 50ರಷ್ಟು ರಿಯಾಯಿತಿ. ವಿಮೆಯಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ ಬೇರೆ. ದಂಡವನ್ನಾದರೂ ಸಹಿಸಬಹುದು, ಘಾಟಿಯ ತಿರುವಿನಲ್ಲಿ ಅಪಘಾತವಾದರೆ ತೋಟವನ್ನೇ ಅಡವಿಡಬೇಕಾದೀತು.

ಆಸ್ತಿ ತೆರಿಗೆ. ಮಡಿಕೇರಿಯಂಥ ಪಟ್ಟಣಗಳಲ್ಲಿ ಮನೆಯಿದ್ದರೆ ಏಪ್ರಿಲ್‌ನಲ್ಲಿ ಕಟ್ಟಿ, ಶೇ 5 ರಿಯಾಯಿತಿ ಇರುತ್ತದೆ. ಕಾಫಿಯ ಹಣ ಕೈಯಲ್ಲಿರುವುದೂ ಆಗಲೇ.

ಠೇವಣಿ. ಮನೆಯ ಹಿರಿಯರ ಹೆಸರಿನಲ್ಲಿ ನಿಶ್ಚಿತ ಠೇವಣಿ ಇದ್ದು ಅವರ ಆದಾಯ ತೆರಿಗೆಯ ಮಿತಿಗೆ ಬಾರದಿದ್ದರೆ, ಮೂಲದಲ್ಲಿ ತೆರಿಗೆ ಕಡಿಯಬೇಡಿ ಎಂಬ ಘೋಷಣಾ ನಮೂನೆಯನ್ನು ಪ್ರತಿವರ್ಷ ಏಪ್ರಿಲ್‌ನಲ್ಲೇ ಬ್ಯಾಂಕಿಗೆ ಕೊಡಬೇಕು. ಕೊಡದಿದ್ದರೆ, ಬಡ್ಡಿ ನಿಗದಿತ ಮೊತ್ತ ದಾಟಿದಾಗ ಶೇ 10 ಕಡಿತವಾಗುತ್ತದೆ. ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಬಹುದು ನಿಜ. ಒಂದು ಕಾಗದ ಕೊಡಲು ಬೇಸರಪಟ್ಟ ಮನೆ ರಿಟರ್ನ್ಸ್ ಸಲ್ಲಿಸುತ್ತದೆಯೇ?

ವಿದ್ಯುತ್, ಮೊಬೈಲ್, ಕೇಬಲ್‌ನಂಥ ಸಣ್ಣ ಬಿಲ್ಲುಗಳನ್ನು ಬ್ಯಾಂಕ್ ಖಾತೆಯಿಂದ ತಾನಾಗಿ ಪಾವತಿಯಾಗುವಂತೆ ಮಾಡಿಬಿಡಿ. ಅದಕ್ಕೆಂದೇ ಖಾತೆಯಲ್ಲಿ ಸ್ವಲ್ಪ ಹಣ ಸದಾ ಇರಲಿ, ಇಲ್ಲದಿದ್ದರೆ ಪಾವತಿ ವಿಫಲವಾದದ್ದಕ್ಕೆ ಬ್ಯಾಂಕು ಶುಲ್ಕ ಹಾಕಬಹುದು. ಕ್ರೆಡಿಟ್ ಕಾರ್ಡ್ ಇದ್ದರೆ ‘ಕನಿಷ್ಠ ಮೊತ್ತ’ ಕಟ್ಟುವ ಆಯ್ಕೆಯನ್ನು ಮುಟ್ಟಬೇಡಿ. ಬಾಕಿಯ ಮೇಲೆ ತಿಂಗಳಿಗೆ ಶೇ 3ರ ಆಸುಪಾಸಿನ ಬಡ್ಡಿ ಏರುತ್ತಾ ಹೋಗುತ್ತದೆ.

ಹೆಜ್ಜೆ 3: ಜೂನ್‌ಗೆ ಮುಂಚಿನ ಒಂದು ವಾರ

ಬಯಲುಸೀಮೆಯಲ್ಲಿ ಮೇ ತಿಂಗಳ ಕೆಲಸವನ್ನು ಜುಲೈಗೆ ತಳ್ಳಬಹುದು. ಇಲ್ಲಿ ಸಾಧ್ಯವಿಲ್ಲ. ಮದುವೆ ಕಾಲವೂ ಏಪ್ರಿಲ್ ಮತ್ತು ಮೇ ತಿಂಗಳೇ ಆದ್ದರಿಂದ, ಊಟ ಓಡಾಟಗಳ ನಡುವೆ ಈ ವಾರ ಕಳೆದುಹೋಗುವುದು ಸುಲಭ. ಮದುವೆ ಆಮಂತ್ರಣಗಳನ್ನೆಲ್ಲ ಎದುರಿಟ್ಟುಕೊಂಡು, ಯಾವ ವಾರ ಖಾಲಿ ಇದೆಯೋ ಅದನ್ನು ಮೊದಲೇ ಕಾಯ್ದಿರಿಸಿ.

ಮಾಡಿನಿಂದ, ಅಂದರೆ ಹಂಚಿನ ಚಾವಣಿಯಿಂದ ಶುರು ಮಾಡಿ. ಒಡೆದ ಹಂಚೊಂದನ್ನು ಬದಲಿಸುವುದು ಅರ್ಧ ಗಂಟೆಯ ಕೆಲಸ. ಬಿಟ್ಟರೆ ನೀರು ಮೊದಲು ರೀಪಿಗೆ, ಆಮೇಲೆ ಪಕ್ಕಾಸಿಗೆ, ಕೊನೆಗೆ ಗೋಡೆಗೆ ಇಳಿಯುತ್ತದೆ. ಮರುವರ್ಷ ಬಡಗಿಯನ್ನು ಕರೆಯಬೇಕು, ಮರ ತರಬೇಕು, ಆ ಭಾಗದ ಹಂಚನ್ನೆಲ್ಲ ಇಳಿಸಿ ಏರಿಸಬೇಕು. ಹಗಲು ಹೊತ್ತು ಒಳಗೆ ದೀಪ ಆರಿಸಿ ಮೇಲೆ ನೋಡಿದರೆ ಬೆಳಕು ನುಸುಳುವ ಜಾಗಗಳು ಕಾಣುತ್ತವೆ, ಅಲ್ಲಿ ಗೋಡೆಗೆ ಸೀಮೆಸುಣ್ಣದ ಗುರುತು ಹಾಕಿಡಿ. ಮಾಡಿನ ಅಂಚಿನ ದೋಣಿಯಲ್ಲಿ ಸಿಲ್ವರ್ ಓಕ್ ಎಲೆ ತುಂಬಿರುತ್ತದೆ, ತೆಗೆಸಿ. ಮನೆಯ ಹಿಂದಿನ ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಬುಡದ ಚರಂಡಿಯನ್ನೂ ಬಿಡಿಸಿ. ಹತ್ತಿ ಅಭ್ಯಾಸವಿಲ್ಲದವರು ಮಾಡು ಹತ್ತಬೇಡಿ. ಕೂಲಿ ಕೊಟ್ಟು ಮಾಡಿಸಿದರೆ ಅದು ದಂಡದ ಪಟ್ಟಿಗೆ ಬರುವ ಖರ್ಚಲ್ಲ.

ಎರಡನೆಯದು ಸೌದೆ. ಒಣಗಿದ ಸೌದೆ ಕೊಟ್ಟಿಗೆ ಸೇರಿದ್ದರೆ ಜುಲೈನಲ್ಲೂ ಹಂಡೆಯ ನೀರು ಬೇಗ ಕಾಯುತ್ತದೆ. ಹಸಿ ಸೌದೆ ಹೊಗೆ ಎಬ್ಬಿಸುತ್ತದೆ, ಶಾಖ ಕೊಡುವುದಿಲ್ಲ. ಆಗ ಬೇಸತ್ತು ನೀರು ಕಾಯಿಸಲೂ ಗ್ಯಾಸ್ ಹಚ್ಚುವುದು ಶುರುವಾಗಿ 14.2 ಕಿಲೋದ ಸಿಲಿಂಡರ್ ಬೇಗ ಬೇಗ ಮುಗಿಯುತ್ತದೆ. ತೋಟದಲ್ಲಿ ಬಿದ್ದ ರೆಂಬೆಗಳಿಗೆ ಹಣ ಕೊಡಬೇಕಾಗಿಲ್ಲ, ತಂದು ಒಟ್ಟುವ ಶ್ರಮ ಮಾತ್ರ. ಎರಡು ಸಿಲಿಂಡರ್ ಇರುವ ಮನೆಯವರು ಒಂದು ಖಾಲಿಯಾದ ದಿನವೇ ಬುಕ್ ಮಾಡಿ. ಎರಡನೆಯದು ಅರ್ಧವಾಗಲಿ ಎಂದು ಕಾಯುವಷ್ಟರಲ್ಲಿ ರಸ್ತೆಗೆ ಮರ ಬಿದ್ದು ಗ್ಯಾಸ್ ಗಾಡಿ ಬಾರದ ವಾರ ಬರುತ್ತದೆ.

ಬಟ್ಟೆಯ ನಷ್ಟ ದೊಡ್ಡದು, ಆದರೆ ಅದನ್ನು ಯಾರೂ ನಷ್ಟವೆಂದು ಲೆಕ್ಕ ಹಿಡಿಯುವುದಿಲ್ಲ. ಮೇ ತಿಂಗಳ ಮದುವೆಗಳಲ್ಲಿ ಉಟ್ಟ ರೇಷ್ಮೆ ಸೀರೆ, ತೊಟ್ಟ ಕುಪ್ಯ (ಕೊಡವ ಗಂಡಸರ ನಿಲುವಂಗಿ), ಅದರ ಮೇಲೆ ಸೊಂಟಕ್ಕೆ ಕಟ್ಟಿದ ಚೇಲೆ ಬೆವರಿನ ಸಮೇತ ಬೀರುವಿಗೆ ಹೋಗುತ್ತವೆ. ಮತ್ತೆ ತೆಗೆಯುವುದು ಮಳೆಗಾಲ ಕಳೆದ ಮೇಲಿನ ಸುಗ್ಗಿ ಹಬ್ಬ ಹುತ್ತರಿಗೆ. ಅಷ್ಟರಲ್ಲಿ ಮಡಿಕೆಗಳಲ್ಲಿ ಬೂಷ್ಟು ಕೂತು ಕಲೆ ಬಿದ್ದಿರುತ್ತದೆ. ಮನೆಗೆ ಬಂದ ದಿನವೇ ನೆರಳಲ್ಲಿ ಗಾಳಿಗೆ ಹರವಿ, ಒಗೆಸುವಂಥದ್ದನ್ನು ಒಗೆಸಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಬೀರುವನ್ನು ಹೊರಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದಿಟ್ಟರೆ ಅರ್ಧ ಸಮಸ್ಯೆ ಮುಗಿಯಿತು.

ಕರಿಮೆಣಸು ಎಷ್ಟೋ ಮನೆಗಳಲ್ಲಿ ಉಳಿತಾಯ ಖಾತೆಯಿದ್ದಂತೆ. ಬೇಕಾದಾಗ ಒಂದು ಮೂಟೆ ಮಾರುತ್ತಾರೆ. ಆದರೆ ಸರಿಯಾಗಿ ಒಣಗದೆ, ತೇವಾಂಶ ಶೇ 12 ದಾಟಿದ್ದರೆ ಅದು ಮಳೆಗಾಲ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿಯುತ್ತದೆ. ಮೇ ತಿಂಗಳ ಬಿಸಿಲಿಗೆ ಇನ್ನೊಮ್ಮೆ ಹರಡಿ, ತಣ್ಣಗಾದ ಮೇಲೆ ಒಳಗೆ ಪಾಲಿಥಿನ್ ಹಾಕಿದ ಗೋಣಿಯಲ್ಲಿ ತುಂಬಿ, ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿಡಿ. ಸಿಮೆಂಟು ನೆಲದ ಮೇಲೆ ನೇರವಾಗಿ ಇಟ್ಟ ಮೂಟೆಯ ತಳ ಸೆಪ್ಟೆಂಬರ್‌ನಲ್ಲಿ ಹೇಗಿರುತ್ತದೆಂದು ವ್ಯಾಪಾರಿಗೆ ಗೊತ್ತು. ಅವರು ಚೀಲದ ತಳಕ್ಕೇ ಮೊದಲು ಕೈ ಹಾಕುವುದು.

ಈ ವಾರದ ಕೊನೆಯ ಕೆಲಸ ಕಾಗದಪತ್ರ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಜನ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು. ಆಮೇಲೆ ಯಾವುದೇ ನೆರವು ಕೇಳಿದರೂ ಮೊದಲು ಬೇಕಾಗುವುದು ದಾಖಲೆ. ಜಮೀನಿನ ಪತ್ರ, ಪಹಣಿ, ಆಧಾರ್, ಪಾಸ್‌ಬುಕ್, ವಿಮೆ, ಮಕ್ಕಳ ಅಂಕಪಟ್ಟಿ ಎಲ್ಲವನ್ನೂ ನೀರು ಹೋಗದ ಒಂದೇ ಚೀಲದಲ್ಲಿ ಹಾಕಿ, ಮನೆಯ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿಡಿ. ಎಲ್ಲದರ ಫೋಟೊ ತೆಗೆದು ಬೇರೆ ಊರಿನಲ್ಲಿರುವ ಮಕ್ಕಳಿಗೆ ಕಳುಹಿಸಿ. ಫ್ರಿಜ್, ಮೋಟರ್, ಮಿಕ್ಸಿಗಳ ಬಿಲ್ಲು ಮತ್ತು ವಾರಂಟಿ ಕಾರ್ಡಿನ ಫೋಟೊವನ್ನೂ ಜತೆಗೆ ತೆಗೆಯಿರಿ. ವಾರಂಟಿ ಇದ್ದೂ ಬಿಲ್ ಸಿಗದೆ ರಿಪೇರಿಗೆ ದುಡ್ಡು ಕೊಡುವುದು ತೀರಾ ಸಾಮಾನ್ಯ.

ಹೆಜ್ಜೆ 4: ಮಳೆಗಾಲದ ಅಡುಗೆಮನೆ

ಬೇಸಿಗೆಯಲ್ಲಿ ಮಾಡುವ ಹಾಗೆ ಜುಲೈನಲ್ಲೂ ಸಾಮಾನು ತುಂಬಿಸುವುದು ಇಲ್ಲಿನ ದೊಡ್ಡ ತಪ್ಪು. ಅಕ್ಕಿ, ಬೇಳೆ, ಎಣ್ಣೆ ತುಂಬಿಸಿ, ತೊಂದರೆಯಿಲ್ಲ. ಅಕ್ಕಿ, ಬೇಳೆಯನ್ನು ಮಳೆ ಹಿಡಿಯುವ ಮುಂಚೆ ಬಿಸಿಲಿಗೆ ಹಾಕಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟರೆ ನಿಲ್ಲುತ್ತವೆ. ಆದರೆ ರವೆ, ಹಿಟ್ಟು, ಸಾಂಬಾರ ಪುಡಿ, ಬಿಸ್ಕತ್ತು, ಕಾಫಿ ಪುಡಿಗಳನ್ನು ಚಿಕ್ಕ ಪೊಟ್ಟಣದಲ್ಲೇ ತನ್ನಿ. ದೊಡ್ಡ ಪ್ಯಾಕೆಟ್ಟಿನಲ್ಲಿ ಉಳಿಸಿದ ಇಪ್ಪತ್ತು ರೂಪಾಯಿ, ಅರ್ಧ ಪ್ಯಾಕೆಟ್ ಗಂಟುಕಟ್ಟಿ ಹುಳ ಬಿದ್ದಾಗ ಎಂಬತ್ತಾಗಿ ಹೋಗುತ್ತದೆ.

ತರಕಾರಿಯ ಕಥೆ ಬೇರೆ. ಮಳೆ ಶುರುವಾದ ಮೇಲೆ ಕಣಿಲೆ (ಎಳೆ ಬಿದಿರು), ಕೆಸ, ಅಣಬೆ ತೋಟದಿಂದಲೋ ಪಕ್ಕದ ಮನೆಯಿಂದಲೋ ಬರುತ್ತಲೇ ಇರುತ್ತವೆ. ಅವು ಬಂದ ದಿನ ಅವೇ ಪಲ್ಯ. ಸಂತೆಯಿಂದ ತಂದ ಕೋಸು, ಬೀನ್ಸ್ ಬುಟ್ಟಿಯಲ್ಲಿ ಕೂತು ಕೊಳೆಯುತ್ತವೆ. ಆದ್ದರಿಂದ ಈ ತಿಂಗಳುಗಳಲ್ಲಿ ಸಂತೆಯ ಪಟ್ಟಿಯನ್ನು ಮೂರನೇ ಒಂದು ಪಾಲಾದರೂ ಇಳಿಸಿ.

ಫ್ರಿಜ್ ವಿಷಯದಲ್ಲಿ ಸ್ವಲ್ಪ ವಿವರ ಬೇಕು. ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದರೆ ಹಳ್ಳಿಗಳಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಬಾಗಿಲು ತೆರೆಯದಿದ್ದರೆ ಫ್ರಿಜ್‌ನ ಕೆಳಭಾಗ ಸುಮಾರು 4 ಗಂಟೆ ತಣ್ಣಗಿರುತ್ತದೆ. ಪೂರ್ತಿ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ಇದರಿಂದ ಎರಡು ಪಾಠ. ಜೂನ್‌ನಿಂದ ಆಗಸ್ಟ್‌ವರೆಗೆ ಮಾಂಸವನ್ನು ಒಂದೆರಡು ಅಡುಗೆಗೆ ಆಗುವಷ್ಟೇ ತನ್ನಿ. ಫ್ರೀಜರಿನ ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿಸಿ ಗಟ್ಟಿಯಾಗಲು ಬಿಡಿ, ಕರೆಂಟ್ ಹೋದಾಗ ಅವೇ ತಂಪು ಕಾಯುತ್ತವೆ. ಕರೆಂಟ್ ಬಂತೇ ಎಂದು ನೋಡಲು ಫ್ರಿಜ್ ಬಾಗಿಲು ತೆರೆಯುವ ಅಭ್ಯಾಸ ಕೆಲವರಿಗಿದೆ. ಸ್ವಿಚ್ ಹಾಕಿ ನೋಡಿದರೂ ಗೊತ್ತಾಗುತ್ತದೆ.

ಫ್ರಿಜ್‌ನ ಕಣ್ಣೆತ್ತರದ ಅಂತಸ್ತನ್ನು ‘ಮೊದಲು ತಿನ್ನಬೇಕಾದವು’ ಎಂದು ಬಿಟ್ಟುಬಿಡಿ. ನಿನ್ನೆಯ ಸಾರು, ಅರ್ಧ ಕಾಯಿ, ಬಾಡುತ್ತಿರುವ ಸೊಪ್ಪು ಎಲ್ಲ ಅಲ್ಲಿಗೆ. ಹಿಂದೆ ಸರಿದದ್ದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಉಳಿದ ಅನ್ನವನ್ನು ರಾತ್ರಿಯೇ ಫ್ರಿಜ್‌ಗೆ ಹಾಕಿದರೆ ಬೆಳಿಗ್ಗೆ ಅಕ್ಕಿ ಹಿಟ್ಟು ಬೆರೆಸಿ ಒಟ್ಟಿ (ಅಕ್ಕಿ ರೊಟ್ಟಿ) ತಟ್ಟಬಹುದು. ಪಾತ್ರೆ ಬದಲಿಸಲು ಬೇಸರಪಟ್ಟು ಹೊರಗೇ ಬಿಟ್ಟರೆ ಅದು ನಾಯಿಗೆ.

ಹೆಜ್ಜೆ 5: ಪೇಟೆಗೆ ಒಂದೇ ಸಲ

ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿ.ಮೀ. ಹೋಗಿ ಬಂದರೆ 60. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ 4 ಲೀಟರ್ ಪೆಟ್ರೋಲ್. ಲೀಟರಿಗೆ ನೂರೇ ಎಂದುಕೊಂಡರೂ ನಾನ್ನೂರು ರೂಪಾಯಿ. ಏರುದಾರಿಯಲ್ಲಿ ಜೀಪ್ ಆದರೆ ಇನ್ನೂ ಹೆಚ್ಚು. ಮರೆತ ಐವತ್ತು ರೂಪಾಯಿಯ ವಾಷರ್ ತರಲು ಹೋಗುವುದೆಂದರೆ ಇಷ್ಟು.

ವಾರಕ್ಕೊಂದು ದಿನ ನಿಗದಿ ಮಾಡಿ. ಮಡಿಕೇರಿಯ ಆಸುಪಾಸಿನವರಿಗೆ ಶುಕ್ರವಾರದ ಸಂತೆ ಇದ್ದೇ ಇದೆ, ಶನಿವಾರಸಂತೆಯವರಿಗೆ ಊರ ಹೆಸರೇ ನೆನಪಿಸುತ್ತದೆ. ಅಡುಗೆಮನೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಏನಾದರೂ ಪೂರ್ತಿ ಖಾಲಿಯಾಗುವ ಮೊದಲು, ಕಾಲು ಭಾಗ ಉಳಿದಿರುವಾಗಲೇ ಅದರಲ್ಲಿ ಬರೆಯಬೇಕು. ಬ್ಯಾಂಕು, ಗೊಬ್ಬರ, ಔಷಧಿ, ದರ್ಜಿ ಎಲ್ಲವೂ ಆ ದಿನಕ್ಕೆ ಸೇರಲಿ.

ಕಚೇರಿ ಕೆಲಸಕ್ಕೆ ಬೇರೆಯೇ ಒಂದು ಫೈಲ್ ಇರಲಿ. ಪಾಸ್‌ಪೋರ್ಟ್ ಅಳತೆಯ ನಾಲ್ಕು ಫೋಟೊ, ಆಧಾರ್ ಮತ್ತು ಪಾಸ್‌ಬುಕ್ಕಿನ ಜೆರಾಕ್ಸ್, ಹೊಸ ಪಹಣಿ, ಗೋಂದು, ಪೆನ್ನು. ತಾಲ್ಲೂಕು ಕಚೇರಿಯಿಂದ ‘ಒಂದು ಜೆರಾಕ್ಸ್ ಕಡಿಮೆ’ ಎಂದು ವಾಪಸ್ ಕಳುಹಿಸಿದಾಗ ಬೈದುಕೊಳ್ಳುವ ಬದಲು ಹೊರಡುವ ಮುನ್ನ ಫೋನ್ ಮಾಡಿ ಏನೇನು ಬೇಕೆಂದು ಕೇಳುವುದು ಅಗ್ಗ.

ಹೆಜ್ಜೆ 6: ಸಾಮಾನಿಗೊಂದು ಜಾಗ

ಇದಕ್ಕೆ ಹೆಚ್ಚು ಮಾತು ಬೇಡ. ಕತ್ತಿ, ಗರಗಸ, ಸ್ಪ್ಯಾನರ್, ಟೆಸ್ಟರ್, ಟಾರ್ಚ್‌ಗಳಿಗೆ ಗೋಡೆಯ ಮೇಲೆ ಮೊಳೆ ಹೊಡೆದು, ಅದರ ಕೆಳಗೆ ಬಣ್ಣದಲ್ಲಿ ಆಕಾರ ಬರೆದರೆ ಯಾವುದು ಇಲ್ಲವೆಂದು ನೋಡಿದೊಡನೆ ತಿಳಿಯುತ್ತದೆ. ಸೆಪ್ಟೆಂಬರ್‌ನ ಕೈಲ್ ಮುಹೂರ್ತಕ್ಕೆ ಆಯುಧಗಳನ್ನು ತೊಳೆದು ಪೂಜೆಗಿಡುವ ಮನೆಗಳು ಅಂದೇ ತೋಟದ ಹತಾರಗಳನ್ನೂ ಎಣಿಸಿ, ತುಕ್ಕು ಉಜ್ಜಿ, ಎಣ್ಣೆ ಸವರಿ ಎತ್ತಿಡಬಹುದು. ಯಾರು ಯಾವುದನ್ನು ಎರವಲು ಒಯ್ದಿದ್ದಾರೆ ಎಂಬುದೂ ಅಂದು ನೆನಪಾಗುತ್ತದೆ. ಔಷಧಿ ಡಬ್ಬಿಯನ್ನೂ ಅಂದೇ ಸುರಿದು ಅವಧಿ ಮೀರಿದ್ದನ್ನು ತೆಗೆಯಿರಿ.

ಹೆಜ್ಜೆ 7: ಕರೆಂಟ್

ಗೃಹಜ್ಯೋತಿ ಬಂದ ಮೇಲೆ ಬಿಲ್ಲಿನ ಕಡೆ ನೋಡುವುದನ್ನೇ ಬಿಟ್ಟವರಿದ್ದಾರೆ. ನಿಮ್ಮ ಹಳೆಯ ಸರಾಸರಿಯ ಮೇಲೆ ನಿಗದಿಯಾದ ಯೂನಿಟ್‌ಗಳಷ್ಟು ಮಾತ್ರ ಉಚಿತ, ಹೆಚ್ಚಿನದಕ್ಕೆ ಹಣ ಕಟ್ಟಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ನಿಮ್ಮದೇ. 2,000 ವಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಗಡಿಯ ಹತ್ತಿರ ಇರುವವರು ತಿಂಗಳ ಮಧ್ಯದಲ್ಲೊಮ್ಮೆ ಮೀಟರ್ ನೋಡಿ. ತೊಟ್ಟಿ ತುಂಬಿ ಹರಿಯುತ್ತಿದ್ದರೂ ಓಡುವ ಮೋಟರಿಗೆ ನೀರಿನ ಮಟ್ಟ ನೋಡಿ ತಾನೇ ನಿಲ್ಲುವ ಸ್ವಿಚ್ ಹಾಕಿಸಿ. ಇಷ್ಟು ಸಾಕು.

ಎಲ್ಲಿ ಸೋಮಾರಿಯಾಗಿರಬಹುದು

ಎಲ್ಲ ಉಳಿತಾಯವೂ ಶ್ರಮಕ್ಕೆ ತಕ್ಕುದಲ್ಲ. ಕಿಲೋಗೆ ಎರಡು ರೂಪಾಯಿ ಕಡಿಮೆಯೆಂದು ಇನ್ನೊಂದು ಪೇಟೆಗೆ ಹೋಗಬೇಡಿ. ಖಾಲಿ ಡಬ್ಬಿ, ಹರಿದ ಚೀಲಗಳನ್ನು ‘ಎಂದಾದರೂ ಬೇಕಾಗಬಹುದು’ ಎಂದು ಅಟ್ಟದಲ್ಲಿ ತುಂಬಿಸಬೇಡಿ. ಅವುಗಳ ಅಡಿಯಲ್ಲಿ ಬೇಕಾದದ್ದು ಕಳೆದುಹೋಗಿ ಮತ್ತೆ ಕೊಳ್ಳುವಂತಾಗುತ್ತದೆ. ದಂಡದ ಪಟ್ಟಿಯಲ್ಲಿ ಮೂರು ತಿಂಗಳು ಕಾಣಿಸದ ವಿಷಯದ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಇನ್ನು, ಈ ಏಳೂ ಹೆಜ್ಜೆಗಳನ್ನು ಮನೆಯ ಹೆಂಗಸರ ತಲೆಗೆ ಕಟ್ಟಿದರೆ ಎರಡೇ ತಿಂಗಳಲ್ಲಿ ಎಲ್ಲ ನಿಲ್ಲುತ್ತದೆ, ನಿಲ್ಲಬೇಕಾದದ್ದೂ ನ್ಯಾಯವೇ. ತಾರೀಖಿನ ಹಾಳೆಯಲ್ಲಿ ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರು ಬರೆಯಿರಿ. ‘ಮನೆಯವರು’ ಎಂದು ಬರೆಯಬೇಡಿ. ಮಕ್ಕಳು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇದ್ದು ವಯಸ್ಸಾದವರು ಮಾತ್ರ ತೋಟದಲ್ಲಿರುವ ಮನೆಗಳಿಗೆ ಹಂಚಿಕೆ ಇನ್ನೂ ಸುಲಭ. ವಿಮೆ, ತೆರಿಗೆ, ಬಿಲ್ಲು, ಗ್ಯಾಸ್ ಬುಕಿಂಗ್, ಸಾಲದ ಗಡುವಿನ ನೆನಪು ಎಲ್ಲ ಫೋನಿನಲ್ಲಿ ಆಗುವ ಕೆಲಸ, ಅವು ಮಕ್ಕಳ ಹೆಸರಿಗೆ. ಹಂಚು, ಸೌದೆ, ಮೆಣಸಿನ ಮೂಟೆ ನೋಡುವುದು ಮನೆಯಲ್ಲಿರುವವರ ಪಾಲಿಗೆ. ಹಂಚು ಬದಲಿಸುವವರು ಮೇ ಕೊನೆಯಲ್ಲಿ ಯಾರ ಕೈಗೂ ಸಿಗುವುದಿಲ್ಲ. ಯುಗಾದಿ ಕಳೆದ ಕೂಡಲೇ ಅವರಿಗೆ ಫೋನ್ ಮಾಡಿ ದಿನ ಗೊತ್ತುಮಾಡಿ, ಸ್ವಲ್ಪ ಮುಂಗಡವನ್ನೂ ಕೊಟ್ಟಿಡಿ.